ದುಡ್ಡು ಹೋಯಿತೋ, ಉಳಿಯಿತೋ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ಒಂದೇ ಮಾತು ಹೇಳಿದರು. "ನೀವು ಏನು ಕೆಲಸ ಮಾಡ್ತೀರಿ ಅನ್ನೋದನ್ನ ಹೇಳಿ ಮೇಡಂ, ಉಪದೇಶ ಬೇಡ. ಉಪದೇಶ ಮಾಡೋಕೆ ನಾವಿದ್ದೀವಿ." ಅವರ ಮಾತಿನಂತೆ ನಡೆಯುತ್ತೇನೆ.

ಹದಿನಾಲ್ಕು ವರ್ಷದಿಂದ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಅದರಲ್ಲಿ ಎಂಟು ವರ್ಷ ಬ್ಯಾಂಕಿನ ಆ್ಯಪ್‌ಗಳು, ಫೋನಿನಲ್ಲಿ ದುಡ್ಡು ಕಳಿಸುವ ವ್ಯವಸ್ಥೆಗಳು. ಊರಿಗೆ ಬಂದಾಗ "ಕಂಪ್ಯೂಟರ್ ಮಾಡ್ತೀಯಾ?" ಅಂತ ಕೇಳುತ್ತಾರೆ. ನಾನು ಏನನ್ನೂ ಮಾಡುವುದಿಲ್ಲ, ಬೇರೆಯವರು ಮಾಡಿದ್ದನ್ನು ಅಲ್ಲಾಡಿಸಿ ನೋಡುತ್ತೇನೆ. ನಮ್ಮ ತಿಪಟೂರು ಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಟ್ಟದ ಮೇಲೆ ಹಾಕಿದ ಕಾಯಿಯನ್ನು ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಲ್ಲ, ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಿಲಕಿಯ ಹಾಗೆ ಸದ್ದು ಮಾಡುತ್ತದೋ ಇಲ್ಲವೋ ಅಂತ, ಅದೇ ಕೆಲಸ. ಹೊರಗಿನ ಚಿಪ್ಪು ಎಲ್ಲ ಕಾಯಿಯದೂ ಒಂದೇ ಥರ ಇರುತ್ತದೆ. ಕೆಟ್ಟದ್ದು ಗೊತ್ತಾಗುವುದು ಅಲ್ಲಾಡಿಸಿದಾಗ.

ನಾನು ಅಲ್ಲಾಡಿಸುವ ರೀತಿ ಕೇಳಿದರೆ ಮಕ್ಕಳು ನಗಬಹುದು. ಪಿನ್ ಒತ್ತಿದ ಕ್ಷಣಕ್ಕೆ ಸರಿಯಾಗಿ ನೆಟ್‌ವರ್ಕ್ ಆಫ್ ಮಾಡುತ್ತೇನೆ. ಬ್ಯಾಟರಿ ಶೇಕಡಾ ಎರಡಕ್ಕೆ ಇಳಿದಾಗ ದುಡ್ಡು ಕಳಿಸುತ್ತೇನೆ. ಕಳಿಸುತ್ತಿರುವಾಗಲೇ ಇನ್ನೊಂದು ಫೋನಿನಿಂದ ಕರೆ ಮಾಡಿಸುತ್ತೇನೆ. ಒದ್ದೆ ಬೆರಳಿನಲ್ಲಿ ಒತ್ತುತ್ತೇನೆ, ಬಿಸಿಲಿನಲ್ಲಿ ನಿಂತು ಓದುತ್ತೇನೆ, ಕನ್ನಡಕ ತೆಗೆದು ಓದುತ್ತೇನೆ. ಆಫೀಸಿನಲ್ಲಿ ನನಗಾಗಿ ಗಾಜು ಒಡೆದ ಹಳೆಯ ಅಗ್ಗದ ಫೋನುಗಳ ಒಂದು ಡಬ್ಬವೇ ಇದೆ. ನಮ್ಮ ಎಂಜಿನಿಯರುಗಳು ಕೈಯಲ್ಲಿ ಹಿಡಿದಿರುವ ಫೋನಿನಲ್ಲಿ ಎಲ್ಲ ಸಲೀಸಾಗಿಯೇ ನಡೆಯುತ್ತದೆ. ನಮ್ಮೂರ ಸಂತೆಯಲ್ಲಿ ನಡೆಯುತ್ತದೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ.

ಈಗ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಏನಾಗುತ್ತದೆ? ನಿಮ್ಮ ಆ್ಯಪ್ ಒಂದು ಸಂದೇಶ ಕಳಿಸುತ್ತದೆ. ಅದು ಎನ್‌ಪಿಸಿಐ ಎಂಬ ಸಂಸ್ಥೆಯ ಯುಪಿಐ ವ್ಯವಸ್ಥೆಗೆ ಹೋಗುತ್ತದೆ. ಅದು ನಿಮ್ಮ ಬ್ಯಾಂಕಿಗೆ "ಇವರ ಖಾತೆಯಿಂದ ಇಷ್ಟು ಕಳೆ" ಅನ್ನುತ್ತದೆ. ಬ್ಯಾಂಕು ಕಳೆದು "ಕಳೆದೆ" ಅನ್ನುತ್ತದೆ. ಆಮೇಲೆ ಅಂಗಡಿಯವರ ಬ್ಯಾಂಕಿಗೆ "ಇಷ್ಟು ಕೂಡಿಸು" ಎಂಬ ಸಂದೇಶ. ಅದು "ಕೂಡಿಸಿದೆ" ಅನ್ನಬೇಕು. ಕೊನೆಗೆ ನಿಮ್ಮ ಫೋನಿಗೂ ಅಂಗಡಿಯವರಿಗೂ ಸುದ್ದಿ ಬರಬೇಕು. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ. 2016ರ ಏಪ್ರಿಲ್‌ನಲ್ಲಿ ಶುರುವಾದ ಈ ವ್ಯವಸ್ಥೆ 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ 2000 ಕೋಟಿ ವ್ಯವಹಾರ ದಾಟಿತು. ಇದನ್ನು ಕಟ್ಟಿದವರ ಬಗ್ಗೆ ನನಗೆ ಗೌರವವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಲೆಕ್ಕ ಹಾಕಿ ನೋಡಿ ಮಕ್ಕಳೇ: ಲಕ್ಷಕ್ಕೆ ಒಂದೇ ಒಂದು ಎಡವಟ್ಟಾದರೂ ತಿಂಗಳಿಗೆ ಎರಡು ಲಕ್ಷ ಜನ ಅಂಗಡಿಯ ಮುಂದೆ ಫೋನ್ ಹಿಡಿದು ಪೆಚ್ಚಾಗಿ ನಿಲ್ಲುತ್ತಾರೆ.

ಆ ನಿಲ್ಲುವವರ ವಿಷಯವೇ ನನ್ನ ಕೆಲಸ. ಗಣಿತದ ಲೆಕ್ಕಕ್ಕೆ ಸರಿ, ತಪ್ಪು ಎಂದು ಎರಡೇ ಉತ್ತರ. ದುಡ್ಡಿನ ಸಂದೇಶಕ್ಕೆ ಮೂರನೆಯದೊಂದಿದೆ: "ಗೊತ್ತಿಲ್ಲ." ಕೂಡಿಸು ಅಂತ ಕೇಳಿಯಾಗಿದೆ, ಉತ್ತರ ಬಂದಿಲ್ಲ. ಕೂಡಿಸಿರಬಹುದು, ಉತ್ತರ ದಾರಿಯಲ್ಲಿ ತಪ್ಪಿಹೋಗಿರಬಹುದು. ಕೂಡಿಸದೆಯೂ ಇರಬಹುದು. ಒಳ್ಳೆಯ ಸಾಫ್ಟ್‌ವೇರ್ ಅಂದರೆ ಯಾವತ್ತೂ ಎಡವದ್ದು ಅಂತ ಜನ ತಿಳಿದಿದ್ದಾರೆ. ಅಂಥದ್ದು ಇಲ್ಲ, ತಂತಿ ಕಡಿಯುತ್ತದೆ, ಕರೆಂಟು ಹೋಗುತ್ತದೆ. ನನ್ನ ಪ್ರಕಾರ ಒಳ್ಳೆಯದು ಅಂದರೆ ಎಡವಿದಾಗ ನಿಜ ಹೇಳುವುದು. ಗೊತ್ತಿಲ್ಲದಿದ್ದರೆ "ನನಗೆ ಇನ್ನೂ ಗೊತ್ತಿಲ್ಲ, ಇಂಥ ಹೊತ್ತಿಗೆ ಹೇಳುತ್ತೇನೆ, ಅಲ್ಲಿಯವರೆಗೆ ಮತ್ತೆ ಕಟ್ಟಬೇಡಿ" ಅನ್ನುವುದು.

ಹೆಚ್ಚಿನವು ಹಾಗೆ ಹೇಳುವುದಿಲ್ಲ. ನಮ್ಮ ಬೀದಿಯವರೇ, ವರಸೆಯಲ್ಲಿ ನನಗೆ ದೊಡ್ಡಪ್ಪ, ಹೋದ ಮುಂಗಾರಿನಲ್ಲಿ ಗೊಬ್ಬರದಂಗಡಿಗೆ ಹೋಗಿ ಒಂದು ಮೂಟೆ ಡಿಎಪಿ ತೆಗೆದುಕೊಂಡರು. 1,350 ರೂಪಾಯಿ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರು. ಚಕ್ರ ತಿರುಗಿತು, ತಿರುಗಿತು, ಆಮೇಲೆ ಸ್ಕ್ರೀನ್ ಮೇಲೆ ಬಂತು: "ಏನೋ ತಪ್ಪಾಗಿದೆ. ಮತ್ತೆ ಪ್ರಯತ್ನಿಸಿ." ಹಿರಿಯರು, ಹೇಳಿದ ಮಾತು ಕೇಳುವವರು, ಮತ್ತೆ ಪ್ರಯತ್ನಿಸಿದರು. ಎರಡನೆಯ ಸಲ ಅಂಗಡಿಯ ಪೆಟ್ಟಿಗೆ ಕೂಗಿತು. ಮನೆಗೆ ಹೋಗಿ ಮೊಮ್ಮಗನ ಕೈಲಿ ನೋಡಿಸಿದರೆ ಖಾತೆಯಿಂದ 2,700 ಹೋಗಿದೆ. ಅಂಗಡಿಯವನನ್ನು ಕೇಳಿದರೆ ಅವನಿಗೆ ಬಂದಿರುವುದು ಒಂದೇ. ಅವನು ಹೇಳಿದ್ದು ನಿಜ. ಆದರೆ ಆ ಸಂಜೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು, ಇಪ್ಪತ್ತು ವರ್ಷದ ವ್ಯವಹಾರ ಕೆಟ್ಟುಹೋಗುವಷ್ಟು. ನಾಲ್ಕನೆಯ ದಿನ ದುಡ್ಡು ತಾನಾಗಿ ವಾಪಸ್ ಬಂತು. ಅಷ್ಟರಲ್ಲಿ ತೋಟದ ಕೂಲಿಯವರಿಗೆ ಕೊಡಬೇಕಾದ್ದಕ್ಕೆ ಅವರು ಬೇರೆಯವರ ಹತ್ತಿರ ಕೈ ಚಾಚಿದ್ದರು.

ಇಲ್ಲಿ ನೋಡಬೇಕಾದ್ದು ಏನೆಂದರೆ, ನಿಯಮದ ಪ್ರಕಾರ ತಡವೇ ಆಗಿರಲಿಲ್ಲ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿದೆ. ಯುಪಿಐಯಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ್ದು ಇತ್ತ ಕಳೆದು ಅತ್ತ ಸೇರದಿದ್ದರೆ ಮಾರನೆಯ ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಕಟ್ಟಿದ್ದಾದರೆ ಐದು ದಿನದೊಳಗೆ. ಎಟಿಎಂನಲ್ಲಿ ಖಾತೆಯಿಂದ ಕಳೆದು ನೋಟು ಬರದಿದ್ದರೂ ಐದು ದಿನ. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು, ಅದೂ ನೀವು ದೂರು ಕೊಡಲಿ ಬಿಡಲಿ. ಒಳ್ಳೆಯ ನಿಯಮ. ಇಲ್ಲಿ ಕೂತಿರುವವರಲ್ಲಿ ಎಷ್ಟು ಜನಕ್ಕೆ ಗೊತ್ತು, ಕೈ ಎತ್ತಿ ನೋಡೋಣ. (ನಾಲ್ಕು ಕೈ ಎದ್ದವು. ಅದರಲ್ಲಿ ಇಬ್ಬರು ಬ್ಯಾಂಕಿನವರು.) ಈ ಒಂದು ಸಾಲನ್ನು, "ಐದು ದಿನದೊಳಗೆ ವಾಪಸ್ ಬರುತ್ತದೆ, ಹೆದರಬೇಡಿ, ಮತ್ತೆ ಕಟ್ಟಬೇಡಿ" ಅನ್ನುವುದನ್ನು ಆ ಸ್ಕ್ರೀನ್ ಮೇಲೆ ಬರೆಯುವುದಕ್ಕೆ ಏನು ಖರ್ಚು? ಅರ್ಧ ದಿನದ ಕೆಲಸ. ದೊಡ್ಡಪ್ಪನವರಿಗೂ ಅಂಗಡಿಯವನಿಗೂ ಜಗಳವೇ ಆಗುತ್ತಿರಲಿಲ್ಲ.

"ಮತ್ತೆ ಪ್ರಯತ್ನಿಸಿ" ಎಂಬುದಕ್ಕಿಂತ ಅಪಾಯದ ವಾಕ್ಯವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಅದಕ್ಕೂ ತಾಂತ್ರಿಕ ಮದ್ದು ಇದೆ. ಪ್ರತಿ ವ್ಯವಹಾರಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಕೋರಿಕೆ ಎರಡನೆಯ ಸಲ ಬಂದರೆ "ಇದು ಆಗಲೇ ಬಂದದ್ದು" ಎಂದು ಗುರುತಿಸಿ ಸುಮ್ಮನಾಗುವುದು. ಶಾಲೆಯಲ್ಲಿ ಫೀಸಿನ ರಸೀದಿಗೆ ನಂಬರ್ ಹಾಕುವುದು ಇದಕ್ಕೇ ತಾನೆ. ಆದರೆ ಮನುಷ್ಯ ಹಿಂದೆ ಹೋಗಿ, ಮೊದಲಿಂದ ಸ್ಕ್ಯಾನ್ ಮಾಡಿದರೆ ಯಂತ್ರಕ್ಕೆ ಅದು ಹೊಸ ವ್ಯವಹಾರ, ಹೊಸ ನಂಬರ್. ಆಗ ಕಾಪಾಡುವುದು ಸ್ಕ್ರೀನ್ ಮೇಲಿನ ಮಾತು ಒಂದೇ.

ಆ ಮಾತು ಕನ್ನಡದಲ್ಲಿದ್ದರೆ ಏನಾಗುತ್ತದೆ ಅನ್ನುವುದು ಇನ್ನೊಂದು ಕತೆ. ಸ್ವಲ್ಪ ಹೊತ್ತು ಇದನ್ನೇ ಹೇಳುತ್ತೇನೆ, ಕನ್ನಡ ಪಂಡಿತರು ವೇದಿಕೆಯಲ್ಲಿದ್ದಾರೆ ಎಂಬ ಧೈರ್ಯದಿಂದ.

ಒಂದು ಆ್ಯಪ್‌ನಲ್ಲಿ "ಬ್ಯಾಲೆನ್ಸ್" ಎಂಬುದನ್ನು "ಬಾಕಿ" ಎಂದು ಮಾಡಿದ್ದರು. "ನಿಮ್ಮ ಬಾಕಿ ರೂ. 3,200." ನಮ್ಮ ಕಡೆ ಬಾಕಿ ಅಂದರೆ ಏನು? ಕೊಡಬೇಕಾದ್ದು, ಸಾಲ! ಖಾತೆಯಲ್ಲಿ ದುಡ್ಡಿರುವ ಹೆಂಗಸು ತಾನು ಬ್ಯಾಂಕಿಗೆ ಸಾಲಗಾರಳು ಎಂದು ತಿಳಿಯುತ್ತಾಳೆ. ಅದೇ ಆ್ಯಪ್‌ನಲ್ಲಿ ಇನ್ನೂ ಮುಗಿಯದ ವ್ಯವಹಾರಕ್ಕೂ "ಬಾಕಿ ಇದೆ" ಎಂದೇ ಇತ್ತು. ಅನುವಾದಕರಿಗೆ ಇಂಗ್ಲಿಷ್ ಪದಗಳ ಪಟ್ಟಿಯನ್ನು ಕೊಟ್ಟಿರುತ್ತಾರೆ, ಆ ಪದ ಯಾವ ಸ್ಕ್ರೀನ್‌ನಲ್ಲಿ ಎಲ್ಲಿ ಬರುತ್ತದೆ ಎಂದು ತೋರಿಸಿರುವುದಿಲ್ಲ. ತಪ್ಪು ಅವರದಲ್ಲ.

ಎರಡನೆಯದು ಒತ್ತಕ್ಷರ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟಿರುತ್ತಾರೆ. ನಮ್ಮ ಒತ್ತುಗಳು ಕೆಳಗೆ ಇಳಿಯುತ್ತವೆ, ಗೆರೆ ಅವನ್ನು ಕತ್ತರಿಸುತ್ತದೆ. "ಒಟ್ಟು" ಎಂಬುದು "ಒಟು" ಆಗುತ್ತದೆ. ಮೂರನೆಯ ತರಗತಿಯ ಮಗು ಹಾಗೆ ಬರೆದರೆ ನಮ್ಮ ಮೇಷ್ಟ್ರು ಹತ್ತು ಸಲ ತಿದ್ದಿ ಬರೆಸುತ್ತಿದ್ದರು.

ಮೂರನೆಯದು ನನ್ನನ್ನು ಒಂದು ರಾತ್ರಿ ನಿದ್ದೆಗೆಡಿಸಿದ್ದು. ಇಂಗ್ಲಿಷಿನಲ್ಲಿ "ಬೇಡ" ಎಂಬುದು ವಾಕ್ಯದ ಮೊದಲೇ ಬರುತ್ತದೆ. ಕನ್ನಡದಲ್ಲಿ ಅದು ಕ್ರಿಯಾಪದದ ತುದಿಯಲ್ಲಿ ಬರುತ್ತದೆ: "ಮುಂದುವರಿಸಿ", "ಮುಂದುವರಿಸಬೇಡಿ". ಕನ್ನಡದ ಪದ ಉದ್ದ, ಬಟನ್ ಚಿಕ್ಕದು. ಜಾಗ ಸಾಲದಿದ್ದರೆ ಫೋನು ಕೊನೆಯನ್ನು ಕತ್ತರಿಸಿ ಮೂರು ಚುಕ್ಕೆ ಇಡುತ್ತದೆ. ಆಗ ಉಳಿಯುವುದು "ಮುಂದುವರಿಸ…" ಎಂದು ಮಾತ್ರ. ಸಿ ಎಂದೋ, ಬೇಡಿ ಎಂದೋ ದೇವರಿಗೇ ಗೊತ್ತು. ಎಚ್ಚರಿಕೆಯೇ ಆಹ್ವಾನವಾಗಿಬಿಡುತ್ತದೆ! ಅಕ್ಷರ ದೊಡ್ಡದು ಮಾಡಿಕೊಂಡಿರುವ ಫೋನುಗಳಲ್ಲಿ, ಅಂದರೆ ವಯಸ್ಸಾದವರ ಫೋನುಗಳಲ್ಲೇ ಇದು ಹೆಚ್ಚು. ಇದನ್ನು ಹಿಡಿದು ಬರೆದಾಗ ಮೀಟಿಂಗಿನಲ್ಲಿ ಒಬ್ಬರು, "ಕನ್ನಡದಲ್ಲಿ ಎಷ್ಟು ಜನ ಉಪಯೋಗಿಸುತ್ತಾರೆ?" ಎಂದು ಕೇಳಿದರು. ಸರಿಯಾಗಿಲ್ಲದ್ದನ್ನು ಯಾರು ಉಪಯೋಗಿಸುತ್ತಾರೆ ಸಾರ್ ಎಂದೆ. ಎರಡು ವಾರದಲ್ಲಿ ಆ ಬಟನ್ ಸರಿಯಾಯಿತು.

ಇದೆಲ್ಲ ಓದುಬರಹ ಕಡಿಮೆ ಇದ್ದವರ ಕಷ್ಟ, ಕಲಿತವರಿಗೆ ಹೀಗಾಗುವುದಿಲ್ಲ ಎಂದು ಯಾರಾದರೂ ಅಂದುಕೊಂಡಿದ್ದರೆ ಅಮೆರಿಕದ ಸಿಟಿಬ್ಯಾಂಕ್ ವಿಷಯ ಹೇಳುತ್ತೇನೆ. 2020ರ ಆಗಸ್ಟ್. ರೆವ್ಲಾನ್ ಎಂಬ ಸೌಂದರ್ಯ ಸಾಮಗ್ರಿ ಕಂಪನಿಯ ಪರವಾಗಿ, ಅದಕ್ಕೆ ಸಾಲ ಕೊಟ್ಟವರಿಗೆ ಬ್ಯಾಂಕು ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಕಳಿಸಿದ್ದು ಬ್ಯಾಂಕಿನ ಸ್ವಂತ ದುಡ್ಡೂ ಸೇರಿ ಸುಮಾರು 90 ಕೋಟಿ ಡಾಲರ್. ಬಳಸಿದ ಸಾಫ್ಟ್‌ವೇರ್ ಫ್ಲೆಕ್ಸ್‌ಕ್ಯೂಬ್, ಒರೇಕಲ್ ಕಂಪನಿಯದು. ಮೂಲದಲ್ಲಿ ಅದು ನಮ್ಮ ದೇಶದ ಐ-ಫ್ಲೆಕ್ಸ್ ಕಂಪನಿಯಲ್ಲಿ ಹುಟ್ಟಿದ್ದು, ಬೆಂಗಳೂರಿನವರೂ ಅದರಲ್ಲಿ ದುಡಿದಿದ್ದಾರೆ. ಅಸಲನ್ನು ಹೊರಗೆ ಹೋಗದಂತೆ ಬ್ಯಾಂಕಿನ ಒಳಖಾತೆಯಲ್ಲೇ ತಡೆಯಬೇಕಾದರೆ ಸ್ಕ್ರೀನ್ ಮೇಲೆ ಮೂರು ಕಡೆ ಗುರುತು ಹಾಕಬೇಕಿತ್ತು. ಒಂದೇ ಕಡೆ ಹಾಕಿದ್ದರು, ಹೆಸರು ನೋಡಿದರೆ ಅಷ್ಟೇ ಸಾಕು ಅನ್ನಿಸುವಂತಿತ್ತು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು, ಅವರದ್ದನ್ನು ಮೇಲಿನವರು, ಹೀಗೆ ಮೂರು ಜನ ನೋಡಿ ಒಪ್ಪಿದರು. ಮೂವರಿಗೂ ಸರಿಯಾಗಿಯೇ ಕಂಡಿತು. ಕೆಲವರು ದುಡ್ಡು ವಾಪಸ್ ಕೊಟ್ಟರು, ಕೆಲವರು ಕೊಡಲಿಲ್ಲ. ಉಳಿದ ಸುಮಾರು 50 ಕೋಟಿ ಡಾಲರ್‌ಗೆ ಕೋರ್ಟಿಗೆ ಹೋದರೆ 2021ರಲ್ಲಿ ನ್ಯಾಯಾಧೀಶರು ಬಂದವರು ಇಟ್ಟುಕೊಳ್ಳಬಹುದು ಎಂದರು. 2022ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು.

ಆ ಬ್ಯಾಂಕಿಗೆ ವಕೀಲರಿದ್ದರು, ಎರಡು ವರ್ಷ ಕಾದು ಗೆದ್ದಿತು. ದುಡ್ಡಿಲ್ಲದವರಿಗೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಅಂಚೆ ಇಲಾಖೆಯನ್ನು ನೋಡಬೇಕು. ನಮ್ಮೂರಿನ ಪೋಸ್ಟ್ ಮಾಸ್ಟರ್ ಥರವೇ ಅಲ್ಲಿಯೂ ಹಳ್ಳಿಹಳ್ಳಿಯಲ್ಲಿ ಸಬ್ ಪೋಸ್ಟ್‌ಮಾಸ್ಟರ್‌ಗಳಿದ್ದಾರೆ. 1999ರಿಂದ ಅವರಿಗೆ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಸಂಜೆ ಲೆಕ್ಕ ಮುಗಿಸಿದರೆ ಅದು ಸಾವಿರಾರು ಪೌಂಡ್ ಕಡಿಮೆ ಇದೆ ಎಂದು ತೋರಿಸುತ್ತಿತ್ತು. ಪೆಟ್ಟಿಗೆಯಲ್ಲಿ ದುಡ್ಡು ಸರಿ ಇದೆ, ಯಂತ್ರದ ಲೆಕ್ಕ ತಪ್ಪಿದೆ ಎಂದವರ ಮಾತನ್ನು ಯಾರೂ ಕೇಳಲಿಲ್ಲ. "ನಿಮಗೊಬ್ಬರಿಗೇ ಈ ತೊಂದರೆ" ಎಂದು ಪ್ರತಿಯೊಬ್ಬರಿಗೂ ಹೇಳಿದರು. ಮನೆ ಮಾರಿ ಕಟ್ಟಿದವರಿದ್ದಾರೆ, ಜೈಲಿಗೆ ಹೋದವರಿದ್ದಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಶಿಕ್ಷೆಗೊಳಗಾದವರು 900ಕ್ಕೂ ಹೆಚ್ಚು. ಅಲನ್ ಬೇಟ್ಸ್ ಎಂಬ ಸಬ್ ಪೋಸ್ಟ್‌ಮಾಸ್ಟರ್ ಉಳಿದವರನ್ನು ಒಟ್ಟುಗೂಡಿಸಿ ಇಪ್ಪತ್ತು ವರ್ಷ ಹೋರಾಡಿದರು. 2019ರಲ್ಲಿ ಹೈಕೋರ್ಟು ಸಾಫ್ಟ್‌ವೇರ್‌ನಲ್ಲಿ ದೋಷವಿತ್ತೆಂದು ಹೇಳಿತು. 2024ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ಮಾಡಿ ಶಿಕ್ಷೆಗಳನ್ನು ರದ್ದು ಮಾಡಿತು. ಈ ಪ್ರಕರಣವನ್ನು ನಾನು ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆಲ್ಲ ಮೊದಲ ದಿನವೇ ಹೇಳುತ್ತೇನೆ.

ಅಷ್ಟು ದೂರ ಯಾಕೆ? ನಮ್ಮಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಆಧಾರ್ ಬೆರಳಚ್ಚು ಒತ್ತಿ ಪಿಂಚಣಿ ತೆಗೆಯುವವರನ್ನು ನೋಡಿ. ಕಾಯಿ ಸುಲಿದು, ನಾರು ತೆಗೆದು, ಹಗ್ಗ ಹೊಸೆದು ಬೆರಳಿನ ಗೆರೆಗಳೇ ಸವೆದಿರುತ್ತವೆ. ಯಂತ್ರ "ಹೊಂದಾಣಿಕೆ ಆಗಲಿಲ್ಲ" ಅನ್ನುತ್ತದೆ. ಅಜ್ಜಿ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ತನ್ನ ಬೆರಳೇ ಸರಿಯಿಲ್ಲ ಎಂದು ನಾಚಿಕೊಳ್ಳುತ್ತಾಳೆ. ಎಪ್ಪತ್ತು ವರ್ಷ ದುಡಿದ ಬೆರಳು ಅದು. ಸರಿಯಿಲ್ಲದ್ದು ಯಂತ್ರ.

ಈ ಮಾತಿಗೆ ಈಗ ಸುಪ್ರೀಂ ಕೋರ್ಟಿನ ಬಲವೂ ಇದೆ. ಬ್ಯಾಂಕ್ ಖಾತೆಗೆ, ಸಿಮ್‌ಗೆ ಕೆವೈಸಿ ಮಾಡುವಾಗ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿ ಅನ್ನುತ್ತಾರಲ್ಲ, ಆಸಿಡ್ ದಾಳಿಗೆ ತುತ್ತಾದ ಹೆಣ್ಣುಮಕ್ಕಳಿಗೆ, ದೃಷ್ಟಿ ಇಲ್ಲದವರಿಗೆ ಅದು ಆಗುವುದಿಲ್ಲ. ಅಂಥವರು ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆ ಎಲ್ಲರ ಕೈಗೂ ಎಟುಕುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗವೇ ಎಂದು ಕೋರ್ಟು ಹೇಳಿ, 20 ನಿರ್ದೇಶನಗಳನ್ನು ಕೊಟ್ಟಿತು. ನಮ್ಮಂಥ ಟೆಸ್ಟಿಂಗ್‌ನವರು ಹತ್ತು ವರ್ಷ ಬೇಡಿಕೊಂಡದ್ದನ್ನು ಒಂದು ತೀರ್ಪು ಮಾಡಿಸಿತು.

ಒಳ್ಳೆಯದೂ ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಅಂಗಡಿಯಲ್ಲಿ ಕೂಗುವ ಪೆಟ್ಟಿಗೆ ಇದೆಯಲ್ಲ, ನನ್ನ ಲೆಕ್ಕದಲ್ಲಿ ಈ ಹತ್ತು ವರ್ಷದ ಅತ್ಯಂತ ಬುದ್ಧಿವಂತ ಉಪಾಯ ಅದು. ಬೋಂಡ ಕರಿಯುವವನ ಕೈ ಎಣ್ಣೆಯಲ್ಲಿರುತ್ತದೆ, ಫೋನ್ ಮುಟ್ಟುವ ಹಾಗಿಲ್ಲ. ಸುಳ್ಳು ಸ್ಕ್ರೀನ್ ತೋರಿಸಿ ಹೋಗುವವರೂ ಇದ್ದಾರೆ. ಪೆಟ್ಟಿಗೆ ಕನ್ನಡದಲ್ಲೇ ಕೂಗಿ ಹೇಳುತ್ತದೆ, ಇಬ್ಬರೂ ಕೇಳುತ್ತಾರೆ. 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಎಂಬುದರಲ್ಲಿ ಇಂಟರ್‌ನೆಟ್ ಇಲ್ಲದ ಬಟನ್ ಫೋನಿನಲ್ಲೂ ಕರೆ ಮಾಡಿ ದುಡ್ಡು ಕಳಿಸಬಹುದು. ದುಡ್ಡು ಕಳಿಸುವ ಮೊದಲು ಪಡೆಯುವವರ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂದು 2025ರಲ್ಲಿ ನಿಯಮ ಬಂದಿದೆ. ಅದನ್ನು ಓದಿ, ಓದದೆ ಪಿನ್ ಒತ್ತಬೇಡಿ.

ಪಿನ್ ಎಂದಾಗ ಇನ್ನೊಂದು ಮಾತು. "ನಿಮಗೆ ದುಡ್ಡು ಬರುತ್ತೆ, ಪಿನ್ ಹಾಕಿ" ಎಂದು ಯಾರಾದರೂ ಹೇಳಿದರೆ ಅವನು ಕಳ್ಳ. ದುಡ್ಡು ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಪಿನ್ ನೀವೇ ಒತ್ತಿದ್ದರೆ ಬ್ಯಾಂಕು ಅದನ್ನು ನಿಮ್ಮ ಒಪ್ಪಿಗೆ ಎಂದೇ ಹಿಡಿಯುತ್ತದೆ. ದುಡ್ಡು ಕೊಡಿ ಎಂದು ಅಪರಿಚಿತರು ಕಳಿಸುವ ಕೋರಿಕೆ ಫೋನಿನಲ್ಲಿ ಬಹುಮಾನದ ಹಾಗೆ ಕಾಣುತ್ತಿತ್ತು, ಎಷ್ಟೋ ಜನ ಮೋಸಹೋದರು. ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಎನ್‌ಪಿಸಿಐ ಹೇಳಿತು. ಜನರಿಗೆ ಬುದ್ಧಿ ಹೇಳುವುದಕ್ಕಿಂತ ಬಾಗಿಲನ್ನೇ ಮುಚ್ಚುವುದು ಮೇಲು ಎಂಬುದಕ್ಕೆ ಇದು ಉದಾಹರಣೆ. ಆದರೂ ಮೋಸ ಆಗಿಬಿಟ್ಟರೆ ತಕ್ಷಣ 1930ಕ್ಕೆ ಕರೆ ಮಾಡಿ. ನಾಳೆ ನೋಡೋಣ, ಮಗ ಬರಲಿ ಎಂದು ಕಾಯಬೇಡಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ.

ಮಕ್ಕಳೇ, ಈ ಕೆಲಸಕ್ಕೆ ಏನು ಓದಬೇಕು ಎಂದು ನಿನ್ನೆ ಒಬ್ಬಳು ಹುಡುಗಿ ಕೇಳಿದಳು. ಓದು ಯಾವುದಾದರೂ ಆಗುತ್ತದೆ. ನನಗೆ ಉಪಯೋಗಕ್ಕೆ ಬಂದದ್ದು ಇದೇ ಕಟ್ಟಡದಲ್ಲಿ ಕಲಿತದ್ದು. ನಮ್ಮ ಗಣಿತದ ಮೇಷ್ಟ್ರು ಉತ್ತರ ಬಂದ ಮೇಲೂ "ತಾಳೆ ನೋಡಿದೆಯಾ?" ಎನ್ನುತ್ತಿದ್ದರು. ತಾಳೆ ನೋಡದಿದ್ದರೆ ಉತ್ತರ ಸರಿಯಿದ್ದರೂ ಅರ್ಧ ಅಂಕ ಕಡಿತ. ಆಗ ಬಹಳ ಕೋಪ ಬರುತ್ತಿತ್ತು, ಈಗ ಅದಕ್ಕೇ ಸಂಬಳ ಕೊಡುತ್ತಾರೆ. ನೀವು ಹಳ್ಳಿಯವರು ಎಂಬುದು ಈ ಕೆಲಸದಲ್ಲಿ ಕೊರತೆಯಲ್ಲ. ಅಜ್ಜಿ ಫೋನನ್ನು ಹೇಗೆ ಹಿಡಿಯುತ್ತಾಳೆ, ಎಲ್ಲಿ ಒತ್ತಲು ಹೆದರುತ್ತಾಳೆ ಎಂಬುದನ್ನು ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಗಂಟೆ ಬಾರಿಸುವ ಅಣ್ಣ ಆಗಲೇ ಎದ್ದು ನಿಂತಿದ್ದಾರೆ, ಮುಗಿಸುತ್ತೇನೆ. ನಾಳೆ ಭಾನುವಾರ ನಾನು ಊರಿನಲ್ಲೇ ಇರುತ್ತೇನೆ. ಬೆಳಗ್ಗೆ ಹತ್ತರಿಂದ ಒಂದರವರೆಗೆ ಎಂಟನೇ ತರಗತಿಯ ಕೋಣೆಯಲ್ಲಿ ಕೂರಲು ಮುಖ್ಯೋಪಾಧ್ಯಾಯರು ಒಪ್ಪಿಗೆ ಕೊಟ್ಟಿದ್ದಾರೆ. ಯಾರ ದುಡ್ಡಾದರೂ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಫೋನ್ ಮತ್ತು ಪಾಸ್‌ಪುಸ್ತಕ ತನ್ನಿ. ಆ ವ್ಯವಹಾರವನ್ನು ತೆರೆದರೆ ಹನ್ನೆರಡು ಅಂಕಿಯ ಒಂದು ನಂಬರ್ ಇರುತ್ತದೆ, ಅದನ್ನು ಹಾಕಿ ಬ್ಯಾಂಕಿಗೆ ಕನ್ನಡದಲ್ಲೇ ದೂರು ಬರೆಯೋಣ. ಹತ್ತನೇ ತರಗತಿಯ ನಾಲ್ವರು ಬರೆದುಕೊಡಲು ಒಪ್ಪಿದ್ದಾರೆ. ಅರ್ಥವಾಗದ ಸ್ಕ್ರೀನ್ ಇದ್ದರೆ ಅದನ್ನೂ ತೋರಿಸಿ, ನಾನು ಬರೆದುಕೊಂಡು ಹೋಗುತ್ತೇನೆ. ಪಿನ್ ಮಾತ್ರ ನನಗೂ ಹೇಳಬೇಡಿ, ಮಕ್ಕಳಿಗೂ ಹೇಳಬೇಡಿ.